ಕಾರ್ಡಿನಲ್ಲಿ ಬರೆಯದ ಒಂದು ಸಾಲು

ಸಾರಿನ ವಾಸನೆಗೆ ಸಿಟ್ಟು ಬರುತ್ತದೆ ಎಂದರೆ ನಗುತ್ತೀರಿ. ನನಗೆ ಬಂತು. ಹೋದ ತಿಂಗಳು ಕೆಸರೆಯ ಒಂದು ಶಾಲೆಯಲ್ಲಿ ರಕ್ತದಾನ ಶಿಬಿರವಿತ್ತು. ನಾನು ಈಗ ಕೆಲಸ ಮಾಡುವ ರಕ್ತನಿಧಿಯಿಂದ ಮಂಚ, ಬ್ಯಾಗು, ಹತ್ತಿ, ಬಿಸ್ಕತ್ತಿನ ಡಬ್ಬ ಎಲ್ಲ ಇಳಿಸಿಕೊಂಡು ಎರಡನೇ ತರಗತಿಯ ಕೋಣೆಯಲ್ಲಿ ಅಣಿ ಮಾಡುತ್ತಿದ್ದೆವು. ಹನ್ನೊಂದು ಗಂಟೆಯ ಹೊತ್ತಿಗೆ ಹಿಂದಿನ ಅಡುಗೆಕೋಣೆಯಿಂದ ಚುರ್ರೆಂದು ಒಗ್ಗರಣೆ ಬಿದ್ದ ಸದ್ದು, ಅದರ ಹಿಂದೆಯೇ ಬೇಳೆಸಾರಿನ ವಾಸನೆ. ನನ್ನ ಕೈ ಅಲ್ಲೇ ನಿಂತಿತು. ಏಳು ವರ್ಷದಿಂದ ನಾನು ಆ ಕಡೆ ಕಾಲಿಟ್ಟಿರಲಿಲ್ಲ. ಕೆಸರೆ ಏನು ಕಾಶಿಯಲ್ಲ. ನಾನಿರುವ ಕುಂಬಾರಕೊಪ್ಪಲಿನಿಂದ ಸ್ಕೂಟರಿನಲ್ಲಿ ಇಪ್ಪತ್ತು ನಿಮಿಷ. ಬರದೇ ಇದ್ದದ್ದಕ್ಕೆ ಕಾರಣ ದೂರವಲ್ಲ.

ಏಳು ವರ್ಷದ ಹಿಂದೆ, ಆಷಾಢ ಹುಟ್ಟಿದ್ದೇ ತಡ, ಗಾಳಿ ಶುರುವಾಯಿತು. ಬೆಟ್ಟ ದಿನವಿಡೀ ಮೋಡದೊಳಗೆ. ಶುಕ್ರವಾರ ಬಂತೆಂದರೆ ಊರಿಗೆ ಊರೇ ಚಾಮುಂಡಿಯ ದರ್ಶನಕ್ಕೆ ಸಾಲು ನಿಲ್ಲುವುದು, ಉಳಿದ ದಿನ ಜಿಟಿಜಿಟಿ ಮಳೆ. ನಾನಾಗ ಒಂದು ಖಾಸಗಿ ಆಸ್ಪತ್ರೆಯ ರಕ್ತನಿಧಿಯಲ್ಲಿ ಟೆಕ್ನಿಷಿಯನ್. ಎಕ್ಸ್‌ರೇ ಕೋಣೆಯ ಪಕ್ಕದಲ್ಲಿ ಎರಡು ಕೋಣೆ, ಒಂದು ದೊಡ್ಡ ಫ್ರಿಜ್ಜು, ರಕ್ತದ ಟ್ಯೂಬುಗಳನ್ನು ಗಿರಗಿರ ತಿರುಗಿಸುತ್ತ ಸದಾ ಗೊಣಗುವ ಸೆಂಟ್ರಿಫ್ಯೂಜು, ಮೈಯ ಬಿಸಿಯಷ್ಟೇ ಬೆಚ್ಚಗಿರುವ ನೀರಿನ ತೊಟ್ಟಿ. ಮಳೆಗಾಲದಲ್ಲಿ ನಾವು ಆ ತೊಟ್ಟಿಯ ಪಕ್ಕದಲ್ಲೇ ಸ್ಟೂಲು ಹಾಕಿಕೊಳ್ಳುತ್ತಿದ್ದೆವು. ನಾವು ಎಂದರೆ ನಾನು ಮತ್ತು ನಾಗರಾಜು. ಅವನು ನನಗಿಂತ ಎರಡು ವರ್ಷ ಚಿಕ್ಕವನು, ಕೈ ಚುರುಕು, ಮನಸ್ಸು ಒಳ್ಳೆಯದು, ಆದರೆ ಮೇಲಿನವರು ಹೂಂ ಎಂದರೆ ಹೂಂ. ಮೇಲಿನವರು ಎಂದರೆ ನಮ್ಮ ಮುಖ್ಯಸ್ಥರಾದ ಡಾಕ್ಟರು. ದಿನಕ್ಕೊಂದು ಗಂಟೆ ಬಂದು ಸಹಿ ಹಾಕಿ ಹೋಗುವವರು. ನನ್ನ ವಿಷಯ ಹೇಳುವುದಾದರೆ, ಇವಳಿಗೆ ಕೋಪ ಮೂಗಿನ ತುದಿಯಲ್ಲೇ ಎಂದು ನಮ್ಮಮ್ಮ ನಾನು ಎಂಟನೇ ಕ್ಲಾಸಿನಲ್ಲಿದ್ದಾಗಲೇ ತೀರ್ಪು ಕೊಟ್ಟಿದ್ದಾರೆ. ಕೋಪದ ಜೊತೆಗೆ ಇನ್ನೊಂದು ಆಸ್ತಿ ಎಂದರೆ ಅಕ್ಷರ. ನಮ್ಮ ತಾತ ಅರಮನೆಯಲ್ಲಿ ಹಳೆಯ ಓಲೆಗರಿಗಳನ್ನು ನಕಲು ಮಾಡುತ್ತಿದ್ದವರು; ಆ ದುಂಡು ಅಕ್ಷರ ಮನೆಯಲ್ಲಿ ಬೇರೆ ಯಾರಿಗೂ ಬಾರದೆ ನನ್ನ ಕೈಗೆ ಬಂತು. ಆ ಹೆಮ್ಮೆ ಏನಾಯಿತು ಎನ್ನುವುದನ್ನೂ ಹೇಳಬೇಕು.

ಮಹದೇವಮ್ಮ ಬಂದದ್ದು ಅಂಥದೊಂದು ಜಿಟಿಜಿಟಿ ಮಧ್ಯಾಹ್ನ. ಕೆಸರೆಯ ಅದೇ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದವರು, ನಲವತ್ತು ದಾಟಿದ ಹೆಂಗಸು. ಗರ್ಭಕೋಶದಲ್ಲಿ ಗಡ್ಡೆ, ನಿಲ್ಲದ ರಕ್ತಸ್ರಾವ. ಅನ್ನದ ಹಂಡೆ ಇಳಿಸುವಾಗ ಅಲ್ಲೇ ಕುಸಿದಿದ್ದರು. ಮೈಯಲ್ಲಿ ಇರಬೇಕಾದ ರಕ್ತದಲ್ಲಿ ಅರ್ಧವೂ ಉಳಿದಿರಲಿಲ್ಲ. ಎರಡು ಬ್ಯಾಗು ಬೇಕೆಂದು ವಾರ್ಡಿನಿಂದ ಚೀಟಿ ಬಂತು. ಓ ಪಾಸಿಟಿವ್, ಫ್ರಿಜ್ಜಿನ ತುಂಬ ಇರುವ ಗುಂಪು.

ನಾಗರಾಜು ಮಹದೇವಮ್ಮನ ಸೀರಮ್ಮಿಗೆ, ಎಂದರೆ ರಕ್ತದ ಮೇಲಿನ ತಿಳಿನೀರಿಗೆ, ಮೂರು ಬ್ಯಾಗುಗಳ ಕೆಂಪುಕಣ ಬೆರೆಸಿ ನೋಡಿದ. ಎರಡು ಟ್ಯೂಬಿನಲ್ಲಿ ಒಡೆದ ಹಾಲಿನಂತೆ ಕಣಗಳು ಗಂಟುಕಟ್ಟಿದವು. ಮೂರನೆಯದರಲ್ಲಿ ಏನೂ ಆಗಲಿಲ್ಲ.

"ಇದು ಹೊಂದ್ತು ಮೇಡಂ. ಇದನ್ನ ಕೊಟ್ಬುಟ್ಟು, ಇನ್ನೊಂದೆರಡು ಬ್ಯಾಗ್ ಹಾಕ್ ನೋಡಿದ್ರೆ ಮತ್ತೊಂದು ಸಿಗತ್ತೆ ಬುಡಿ," ಅಂದ.

ಇದೇ ನಮ್ಮಲ್ಲಿನ ರೂಢಿ. ಹೊಂದದಿದ್ದರೆ ಹೊಂದುವ ತನಕ ಬ್ಯಾಗು ಬದಲಿಸು, ಯಾಕೆ ಹೊಂದಲಿಲ್ಲ ಎಂದು ಮಾತ್ರ ಕೇಳಬೇಡ. ಕಾಲಿಗೆ ಚುಚ್ಚುತ್ತಿದೆ ಎಂದು ಚಪ್ಪಲಿ ಬದಲಿಸುತ್ತಲೇ ಇದ್ದ ಹಾಗೆ. ಮುಳ್ಳು ಕಾಲಿನೊಳಗೇ ಇದ್ದರೆ?

"ಎರಡು ಯಾಕೆ ಹೊಂದ್ಲಿಲ್ಲ ನಾಗರಾಜು?"

"ಅದನ್ನೆಲ್ಲ ನೋಡ್ತಾ ಕೂತ್ರೆ ಸಾಯಂಕಾಲ ಆಗತ್ತೆ ಮೇಡಂ."

"ಆಗ್ಲಿ," ಎಂದು ವಾರ್ಡಿಗೆ ಹೋದೆ.

ಮಹದೇವಮ್ಮ ಮಂಚದ ತುದಿಯಲ್ಲಿ ಕೂತಿದ್ದರು. ಅಡುಗೆ ಮನೆಯಿಂದ ನೇರ ಆಟೋ ಹತ್ತಿಸಿದ್ದರಿಂದ ಸೀರೆಯೆಲ್ಲ ಬೇಳೆಸಾರಿನ ಘಮ. ಮುಖ ಬಿಳಿಚಿಕೊಂಡಿತ್ತು, ಕಣ್ಣು ಮಾತ್ರ ಬಲು ಚುರುಕು. ಹಿಂದೆ ಯಾವಾಗಲಾದರೂ ರಕ್ತ ಹಾಕಿಸಿಕೊಂಡಿದ್ದಿರಾ ಎಂದು ಕೇಳಿದೆ.

"ಬ್ಯಾಸ್ಗೆ ರಜದಾಗೆ ಒಂದ್ ಬಾಟ್ಲು ಆಕಿದ್ರು ಕಣಮ್ಮ, ಒಂದ್ ನರ್ಸಿಂಗ್ ಹೋಮ್ನಲ್ಲಿ. ಆಮ್ಯಾಕೆ ಒಂದ್ ವಾರಕ್ಕೆ ಕಣ್ಣೆಲ್ಲ ಅಳದಿ ಆಯ್ತು. ಕಾಮಾಲೆ ಅಂದ್ರು. ಸೊಪ್ಪಿನ ರಸ ಕುಡುದ್ರೆ ಓಯ್ತು."

ಕಾಮಾಲೆಯಲ್ಲ ಅದು. ಹಾಕಿದ ರಕ್ತವೇ ಮೈಯೊಳಗೆ ಒಡೆದು ಬಂದ ಹಳದಿ. "ಮಕ್ಕಳೆಷ್ಟು?" ಅಂದೆ. "ಮೂರು," ಅಂದರು.

ರಕ್ತದ ಗುಂಪೆಂದರೆ ಎ, ಬಿ, ಓ, ಮುಂದೊಂದು ಪಾಸಿಟಿವೋ ನೆಗೆಟಿವೋ ಎಂದು ಎಲ್ಲರಿಗೂ ಗೊತ್ತು. ಅವಲ್ಲದೆ ಕೆಂಪುಕಣದ ಮೈಮೇಲೆ ಇನ್ನೂ ನೂರಾರು ಗುರುತುಗಳಿವೆ. ನಮ್ಮಲ್ಲಿ ಇಲ್ಲದ ಗುರುತು ಬೇರೆಯವರ ರಕ್ತದ ಜೊತೆಗೋ, ಹೊಟ್ಟೆಯಲ್ಲಿರುವ ಮಗುವಿನಿಂದಲೋ ಒಳಗೆ ಬಂದರೆ ಮೈ ಅದನ್ನು ಹಗೆಯೆಂದು ತಿಳಿದು ಅದನ್ನು ಹೊಡೆಯಲು ಒಂದು ಆಯುಧ ಮಾಡಿಟ್ಟುಕೊಳ್ಳುತ್ತದೆ. ಅದಕ್ಕೇ ಆಂಟಿಬಾಡಿ ಎನ್ನುವುದು. ಯಾವ ಗುರುತಿನ ಮೇಲೆ ಹಗೆ ಎಂದು ಪತ್ತೆಹಚ್ಚಲು ಹನ್ನೊಂದು ಪುಟ್ಟ ಬಾಟಲಿಗಳ ಒಂದು ಪೆಟ್ಟಿಗೆ ಬರುತ್ತದೆ. ಪ್ರತಿ ಬಾಟಲಿಯ ಕಣದಲ್ಲೂ ಯಾವ ಗುರುತಿದೆ, ಯಾವುದಿಲ್ಲ ಎಂಬ ಪಟ್ಟಿ ಜೊತೆಗಿರುತ್ತದೆ. ಅದರ ಆಯಸ್ಸು ಒಂದು ತಿಂಗಳು. ನಮ್ಮ ಮುಖ್ಯಸ್ಥರಿಗೆ ಅದನ್ನು ತರಿಸುವುದೆಂದರೆ ಹೊಟ್ಟೆಯುರಿ. ಆ ಸಲದ್ದು ನಾನು ಜಗಳವಾಡಿ ತರಿಸಿದ್ದು, ಮೂರು ದಿನದ ಆಯಸ್ಸು ಉಳಿದಿತ್ತು.

ಹನ್ನೊಂದು ಟ್ಯೂಬು ಸಾಲಾಗಿಟ್ಟು, ಒಂದೊಂದಕ್ಕೂ ಒಂದು ಬಾಟಲಿಯ ಕಣ ಮತ್ತು ಮಹದೇವಮ್ಮನ ಸೀರಮ್ಮು ಹಾಕಿ, ಬೆಚ್ಚಗಿನ ತೊಟ್ಟಿಯಲ್ಲಿ ಕೂರಿಸಿ, ತೊಳೆದು, ತಿರುಗಿಸಿ, ಒಂದೊಂದನ್ನೇ ಬೆಳಕಿಗೆ ಹಿಡಿದು ಅಲ್ಲಾಡಿಸಿ ನೋಡಿದೆ. ಗಂಟುಕಟ್ಟದ ಬಾಟಲಿಯ ಕಣದಲ್ಲಿ ಯಾವ ಗುರುತುಗಳಿವೆಯೋ ಅವಕ್ಕೆಲ್ಲ ಖುಲಾಸೆ. ಹೀಗೆ ಪಟ್ಟಿಯಲ್ಲಿ ಹೊಡೆದುಹಾಕುತ್ತ ಬಂದರೆ ಐದು ಗಂಟೆಯ ಹೊತ್ತಿಗೆ ಒಂದೇ ಗುರುತಿನ ಹೆಸರು ಉಳಿಯಿತು: ಕಿಡ್. ನಾಗರಾಜು ಹೊಂದ್ತು ಎಂದಿದ್ದ ಬ್ಯಾಗನ್ನೂ ಪರೀಕ್ಷೆ ಮಾಡಿದೆ. ಅದರಲ್ಲೂ ಕಿಡ್ ಗುರುತಿತ್ತು, ಆ ಕಣಗಳ ಮೇಲೆ ಅದರ ಪಾಲು ಕಡಿಮೆಯಿದ್ದುದರಿಂದ ಟ್ಯೂಬಿನಲ್ಲಿ ತೋರಿರಲಿಲ್ಲ, ಅಷ್ಟೆ. ನಾಗರಾಜು ಪೆಚ್ಚಾಗಿ ತಲೆ ಕೆರೆದುಕೊಂಡ. ಫ್ರಿಜ್ಜಿನಲ್ಲಿದ್ದ ಓ ಪಾಸಿಟಿವ್ ಬ್ಯಾಗುಗಳನ್ನು ಒಂದೊಂದಾಗಿ ನೋಡಿದಾಗ ಕಿಡ್ ಗುರುತಿಲ್ಲದ ಎರಡು ಸಿಕ್ಕವು. ಇದನ್ನು ಒತ್ತಿ ಹೇಳುತ್ತಿದ್ದೇನೆ: ಅದು ಸಿಗದ ರಕ್ತವಲ್ಲ. ಹುಡುಕಿದರೆ ಸಿಗುತ್ತದೆ. ಹುಡುಕಬೇಕು, ಅಷ್ಟೆ.

ಎರಡು ಬ್ಯಾಗು ಹಾಕಿದ ಮೇಲೆ ಮಹದೇವಮ್ಮನ ತುಟಿಗೆ ಬಣ್ಣ ಬಂತು. ಮನೆಗೆ ಹೋಗುವ ದಿನ ನಾನೊಂದು ಬಿಳಿ ಕಾರ್ಡು ತೆಗೆದು, ಕೆಂಪು ಶಾಯಿಯಲ್ಲಿ, ತಾತನ ದುಂಡು ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ ಬರೆದೆ. ಹೆಸರು, ಗುಂಪು, ಆಂಟಿ-ಕಿಡ್ ಕಂಡುಬಂದಿದೆ, ಕಿಡ್ ಗುರುತಿಲ್ಲದ ರಕ್ತವನ್ನೇ ಕೊಡತಕ್ಕದ್ದು. ರಿಜಿಸ್ಟರಿನಲ್ಲಿ ಅವರ ಹೆಸರಿನ ಮುಂದೆಯೂ ಕೆಂಪಿನಲ್ಲೇ ಬರೆದೆ.

"ಯಾವ ಆಸ್ಪತ್ರೆಗೆ ಹೋದ್ರೂ ಸರಿ, ರಕ್ತ ಅಂದ ತಕ್ಷಣ ಇದನ್ನ ತೋರಿಸ್ಬೇಕು ಮಹದೇವಮ್ಮ. ಮರೀಬೇಡಿ."

"ಮರಿಯಾಕಾದದಾ? ಪಿರಾಣ ಅಲ್ವಾ," ಎಂದು ಕಾರ್ಡನ್ನು ಎಲೆಯಡಿಕೆ ಸಂಚಿಯೊಳಗೆ ತೂರಿಸಿದರು. ಗಡ್ಡೆಯ ಆಪರೇಷನ್ನು ದಸರಾ ರಜದಲ್ಲಿ ಎಂದು ಅವರೇ ಗೊತ್ತುಮಾಡಿಕೊಂಡಿದ್ದರು. "ಇಸ್ಕೂಲ್ ನಡಿಯೋವಾಗ ಬಂದ್ರೆ ನನ್ ಒಲೆ ಮುಂದೆ ಇನ್ನೊಬ್ಳು ಬಂದ್ ಕುಂತ್ಕತಾಳೆ ಕಣಮ್ಮ."

ಶ್ರಾವಣದಲ್ಲಿ ನಮ್ಮ ರಕ್ತನಿಧಿಗೆ ಹೊಸ ಕಂಪ್ಯೂಟರ್ ಬಂತು. ಹಳೆಯ ರಿಜಿಸ್ಟರುಗಳಲ್ಲಿದ್ದದ್ದನ್ನು ಅದಕ್ಕೆ ಏರಿಸಿ, ರಿಜಿಸ್ಟರುಗಳನ್ನು ಮಾಳಿಗೆಯ ಉಗ್ರಾಣಕ್ಕೆ ಸಾಗಿಸಿದರು. ಏರಿಸಿದ್ದು ಹೆಸರು, ವಯಸ್ಸು, ಗುಂಪು. ಆಂಟಿಬಾಡಿಗೆ ಖಾನೆಯೇ ಇರಲಿಲ್ಲ. ನಾನು ಮುಖ್ಯಸ್ಥರ ಮೇಜಿನ ಮುಂದೆ ನಿಂತು ಹೇಳಿದೆ.

"ಎಷ್ಟು ಜನಕ್ಕಮ್ಮ ಬರತ್ತೆ ಅದು? ವರ್ಷಕ್ಕೆ ಒಬ್ರಿಗೋ ಇಬ್ರಿಗೋ. ಅದಕ್ಕೊಂದು ಖಾನೆ ಮಾಡ್ಸಕ್ಕಾಗತ್ತಾ?" ಅಂದರು.

ಒಬ್ಬರಿಗೆ ಬಂದರೂ ಆ ಒಬ್ಬರು ಇಡಿಯಾಗಿ ಸಾಯುತ್ತಾರೆ ಸಾರ್, ಸ್ವಲ್ಪ ಸಾಯುವುದಿಲ್ಲ ಎಂದು ಹೇಳಬೇಕಿತ್ತು. ಹೇಳುವ ಬದಲು ಬಾಗಿಲು ದಡಾರನೆ ಹಾಕಿಕೊಂಡು ಬಂದೆ. ಬಾಗಿಲು ಹಾಕುವುದರಲ್ಲಿ ನಾನು ಯಾವಾಗಲೂ ಮುಂದು.

ಇಲ್ಲಿ ಕಿಡ್ಡಿನ ಗುಣ ಹೇಳಬೇಕು. ಬೇರೆ ಆಂಟಿಬಾಡಿಗಳು ಬಂದರೆ ಸಾಮಾನ್ಯವಾಗಿ ಬಹುಕಾಲ ಕಾಣುತ್ತಿರುತ್ತವೆ. ಕಿಡ್ ಬಹಳ ಕಳ್ಳ. ಎರಡು ಮೂರು ತಿಂಗಳಿಗೆ ಪರೀಕ್ಷೆಗೆ ಸಿಗದಷ್ಟು ಇಳಿದುಬಿಡುತ್ತದೆ. ಟ್ಯೂಬು ತಿಳಿಯಾಗಿರುತ್ತದೆ, ಎಲ್ಲ ಬ್ಯಾಗೂ ಹೊಂದುತ್ತದೆ. ಆದರೆ ಮೈ ಮರೆತಿರುವುದಿಲ್ಲ. ಆ ಗುರುತಿನ ರಕ್ತ ಒಳಗೆ ಹೋಯಿತೋ, ವಾರದೊಳಗೆ ಆಂಟಿಬಾಡಿ ರಾಶಿರಾಶಿಯಾಗಿ ಎದ್ದುಬಂದು ಹಾಕಿದ ಕಣಗಳನ್ನೆಲ್ಲ ಒಡೆದುಹಾಕುತ್ತದೆ. ಹಾಗಾಗಿ ಕಿಡ್ ಒಮ್ಮೆ ಕಂಡರೆ ಸಾಯುವವರೆಗೂ ಇದೆ ಎಂದೇ ತಿಳಿಯಬೇಕು. ಇದು ನಮ್ಮ ಕಸುಬಿನಲ್ಲಿ ಓನಾಮ. ಎಲ್ಲರಿಗೂ ಗೊತ್ತಿರುತ್ತದೆ ಎಂದು ನಾನು ತಿಳಿದಿದ್ದೆ.

ದಸರಾ ಬಂತು. ಊರೆಲ್ಲ ದೀಪ, ರಸ್ತೆಯೆಲ್ಲ ಜನ. ಆಸ್ಪತ್ರೆಯವರಿಗೆ ಹೆಸರು ಬೇಕಿತ್ತು. ಬನ್ನಿಮಂಟಪದಲ್ಲಿ ಶಾಮಿಯಾನ ಹಾಕಿಸಿ ಮೂರು ದಿನದ ಭಾರಿ ರಕ್ತದಾನ ಶಿಬಿರ ಇಟ್ಟರು. ನನ್ನನ್ನು ಅಲ್ಲಿಗೆ ಹಾಕಿದರು, ಅಕ್ಷರ ಚೆನ್ನಾಗಿದೆ, ಸರ್ಟಿಫಿಕೇಟಿನ ಮೇಲೆ ಹೆಸರು ಬರೆಯಲಿ ಎಂದು. ನಾನು ಬರೆದೆ, ನೂರಾರು ಜನರ ಹೆಸರು ಬರೆದೆ. ಫೋಟೋಗೆ ನಿಂತವರಿಗೆಲ್ಲ ಬಿಸ್ಕತ್ತು ಕೊಟ್ಟೆ. ಶಿಬಿರ ನಡೆಯುತ್ತಿದ್ದ ಶನಿವಾರವೇ ನಮ್ಮ ಆಸ್ಪತ್ರೆಯಲ್ಲಿ ಮಹದೇವಮ್ಮನಿಗೆ ಆಪರೇಷನ್ ಆಗಿ, ಎರಡು ಬ್ಯಾಗು ರಕ್ತ ಹಾಕಿದರು. ನನಗೆ ಗೊತ್ತೇ ಇಲ್ಲ.

ಗೊತ್ತಾದದ್ದು ಎಂಟು ದಿನದ ಮೇಲೆ, ಬೆಳಗ್ಗೆ ಹತ್ತಕ್ಕೆ. ಆಪರೇಷನ್ ಆದವರಿಗೆ ರಕ್ತ ಇಳಿದುಹೋಗುತ್ತಿದೆ, ಮತ್ತೆ ಬ್ಯಾಗು ಬೇಕು ಎಂದು ವಾರ್ಡಿನಿಂದ ಸ್ಯಾಂಪಲ್ ಬಂತು. ಟ್ಯೂಬನ್ನು ತಿರುಗಿಸಿ ತೆಗೆದರೆ ಮೇಲಿನ ಸೀರಮ್ಮು ಅರಿಸಿನದ ನೀರಿನ ಹಾಗಿತ್ತು. ಚೀಟಿಯ ಮೇಲೆ ಹೆಸರು ಓದಿದೆ. ಆಮೇಲೆ ಪರೀಕ್ಷೆ ಮಾಡಿದ್ದೆಲ್ಲ ಬರೀ ಶಾಸ್ತ್ರಕ್ಕೆ. ಕಿಡ್ ಇರುವ ಕಣ ಹಾಕಿದ ಟ್ಯೂಬಿನಲ್ಲೆಲ್ಲ ಕಲ್ಲಿನಂಥ ಗಂಟು.

ವಾರ್ಡಿಗೆ ಓಡಿದೆ. ಮಹದೇವಮ್ಮನ ಕಣ್ಣು ಹಳದಿಗಟ್ಟಿತ್ತು. ಮಂಚಕ್ಕೆ ತೂಗುಹಾಕಿದ್ದ ಮೂತ್ರದ ಚೀಲದಲ್ಲಿ ಕಷಾಯದ ಬಣ್ಣ, ಅದೂ ತಳದಲ್ಲಿ ಒಂದಿಷ್ಟು. ನನ್ನನ್ನು ಕಂಡು ಏಳಲು ನೋಡಿದರು.

"ನಾ ಕಾರ್ಡು ತೋರಿಸ್ದೆ ಕಣವ್ವ. ಮೂರ್ ಜನಕ್ ತೋರಿಸ್ದೆ. ಪರೀಕ್ಸೆ ಮಾಡ್ಸಿದೀವಿ, ಈಗ ಅದು ಇಲ್ಲ, ಓಗದೆ ಅಂದ್ರು. ಬುಡು, ಅದೊಂದು ವಾಸಿ ಆಯ್ತಲ್ಲ ಅಂತ ನಾನೂ ಕುಸಿಪಟ್ಟೆ." ಉಸಿರು ಎಳೆದುಕೊಂಡು ಕೇಳಿದರು, "ರಕ್ತ ಒಗ್ನಿಲ್ಲ, ನಿನ್ ಮೈಯೇ ಅಂಗೆ ಅಂತಾರೆ ಈ ವಾರ್ಡಿನ ದೊಡ್ ಡಾಕ್ಟ್ರು. ದಿಟವಾ?"

"ಹೂಂ," ಎಂದೆ. ಸುಳ್ಳೆಂದು ಗೊತ್ತಿದ್ದೂ ಎಂದೆ.

ಮುಖ್ಯಸ್ಥರ ಕೋಣೆಯಲ್ಲಿ ಮಾತ್ರ ಹೂಂ ಎನ್ನಲಿಲ್ಲ. ಅವರು ಆಗಲೇ ವರದಿ ಬರೆದು ಇಟ್ಟಿದ್ದರು, ಶಸ್ತ್ರಚಿಕಿತ್ಸೆಯ ನಂತರದ ಸೋಂಕು ಎಂದು.

"ನೋಡೀಮ್ಮ, ಸ್ಕ್ರೀನಿಂಗ್ ನೆಗೆಟಿವ್. ಬ್ಯಾಗು ಹೊಂದಿದೆ. ನಮ್ಮ ಕಡೆಯಿಂದ ಲೋಪ ಇಲ್ಲ. ಆ ಕಾರ್ಡು ಆಷಾಢದ್ದು. ಇವತ್ತಿನ ರಿಪೋರ್ಟ್ ನಂಬ್ಬೇಕೋ, ಆವತ್ತಿನ ಕಾರ್ಡ್ ನಂಬ್ಬೇಕೋ?"

"ಇದ್ರಲ್ಲಿ ಆವತ್ತಿನದನ್ನೇ ನಂಬ್ಬೇಕು ಸಾರ್. ಅದು ನಿಮಗೆ ಗೊತ್ತಿಲ್ವೋ, ಗೊತ್ತಿದ್ದೂ ಹೀಗೆ ಬರೆದ್ರೋ, ಅದನ್ನ ಮೊದ್ಲು ಹೇಳಿ. ಅಡುಗೆ ಮಾಡೋ ಹೆಂಗಸು ನೆನಪಿಟ್ಕೊಂಡು ಕಾರ್ಡು ಹಿಡ್ಕೊಂಡು ಬಂದಿದಾರೆ. ಓದಿದ ನಾವು ಮೂರು ಜನ ಅವರ ಕೈಯಿಂದ ಅದನ್ನ ಇಸ್ಕೊಂಡು, ನೋಡಿ, ವಾಪಸ್ ಕೊಟ್ಟಿದೀವಿ!"

ನನ್ನ ದನಿ ಎಕ್ಸ್‌ರೇ ಸಾಲಿನವರೆಗೂ ಕೇಳಿಸುತ್ತಿತ್ತಂತೆ. ಬಾಗಿಲ ಹತ್ತಿರ ನಿಂತಿದ್ದ ನಾಗರಾಜು ಆಗ ಬಾಯಿಬಿಟ್ಟ. ಅವನ ಮುಖ ಅತ್ತಂತಿತ್ತು.

"ನನಗೂ ಅನುಮಾನ ಬಂದಿತ್ತು ಮೇಡಂ. ಕಾರ್ಡನ್ನ ಎರಡು ಸಲ ಓದ್ದೆ. ಮುಂದೆ ಟೆಸ್ಟಲ್ಲಿ ಕಾಣದಿದ್ರೂ ಕಿಡ್ ಇರೋ ರಕ್ತ ಕೊಡಬೇಡಿ ಅಂತ ಅದ್ರಲ್ಲಿ ಇರ್ಲಿಲ್ವಲ್ಲ. ನೀವು ಬರೆದಿರ್ಲಿಲ್ವಲ್ಲ."

ನಾನು ಬರೆದಿರಲಿಲ್ಲ. ಕಾರ್ಡಿನ ಕೆಳಗೆ ಅರ್ಧ ಜಾಗ ಖಾಲಿಯಿತ್ತು. ಅಲ್ಲಿ ನಾನು ಏನು ಮಾಡಿದ್ದೆ ಗೊತ್ತೇ? ಅಂದವಾಗಿ ಕಾಣಲಿ ಎಂದು ಎರಡು ಗೆರೆ ಎಳೆದಿದ್ದೆ.

ಮಹದೇವಮ್ಮನ ಮೂತ್ರಪಿಂಡ ಕೈಕೊಟ್ಟಿತು. ಮೂರು ವಾರ ಡಯಾಲಿಸಿಸ್. ಕಿಡ್ ಗುರುತಿಲ್ಲದ ಬ್ಯಾಗುಗಳನ್ನು ನಾನೇ ಹುಡುಕಿ ಹುಡುಕಿ ಕಳಿಸಿದೆ, ಹುಡುಕಿದರೆ ಸಿಕ್ಕವು. ದೀಪಾವಳಿ ಕಳೆದ ಮೇಲೆ ಮಗಳ ಹೆಗಲು ಹಿಡಿದು ಮನೆಗೆ ಹೋದರು. ಅಷ್ಟರಲ್ಲಿ ಅವರ ಒಲೆಯ ಮುಂದೆ ಇನ್ನೊಬ್ಬಳು ಬಂದು ಕೂತಿದ್ದಳು. ನಡೆದದ್ದು ನಡೆದಂತೆ ಬರೆದು ನಾನು ಸಹಿ ಹಾಕಿ ಕೊಟ್ಟ ವರದಿ ಮುಖ್ಯಸ್ಥರ ಡ್ರಾಯರಿನಲ್ಲೇ ಕಣ್ಣುಮುಚ್ಚಿತು. ಸಂಕ್ರಾಂತಿಗೆ ಮುಂಚೆ ರಾಜೀನಾಮೆ ಕೊಟ್ಟೆ. ಆಮೇಲೆ ವರ್ಷಗಟ್ಟಲೆ ಈ ಕಥೆಯನ್ನು ಸಿಕ್ಕವರಿಗೆಲ್ಲ ಹೇಳಿದೆ. ಮುಖ್ಯಸ್ಥರನ್ನು ಬೈದೆ, ಕಂಪ್ಯೂಟರನ್ನು ಬೈದೆ, ನಾಗರಾಜುವನ್ನು ಬೈದೆ. ಧೈರ್ಯಸ್ಥೆ ಎಂದು ಹೆಸರೂ ಬಂತು. ಹೊಸ ರಕ್ತನಿಧಿಯಲ್ಲಿ ಆಂಟಿಬಾಡಿ ಕಂಡ ಪ್ರತಿಯೊಬ್ಬರಿಗೂ ಆ ಸಾಲು ಸೇರಿಸಿಯೇ ಕಾರ್ಡು ಬರೆಯುತ್ತಿದ್ದೇನೆ. ಒಬ್ಬರಿಗೆ ಮಾತ್ರ ಬರೆದುಕೊಡಲಿಲ್ಲ. ಕೋಪದ ಕೈಗೆ ಬುದ್ಧಿ ಕೊಟ್ಟು ಕೂಗಾಡಿದ್ದರಲ್ಲಿ, ಅವರು ಮನೆಗೆ ಹೋಗುವ ದಿನ ಹಳೆಯ ಕಾರ್ಡನ್ನು ಇಸಿದುಕೊಂಡು ಒಂದು ಸಾಲು ಬರೆಯಬೇಕೆಂಬುದು ನನಗೆ ಹೊಳೆಯಲೇ ಇಲ್ಲ. ಹೊಳೆದಾಗ ಕೆಸರೆಗೆ ಹೋಗುವ ಮುಖವಿರಲಿಲ್ಲ. ಏಳು ವರ್ಷ ಆ ಹೆಂಗಸು ಅದೇ ಅರ್ಧ ಖಾಲಿ ಕಾರ್ಡನ್ನು ನಂಬಿಕೊಂಡು ಬದುಕಿದ್ದಾರೆ.

ಹೋದ ತಿಂಗಳು ಸಾರಿನ ವಾಸನೆ ಹಿಡಿದು ಅಡುಗೆಕೋಣೆಗೆ ಹೋದೆ. ಒಲೆಯ ಮುಂದೆ ಗುರುತಿಲ್ಲದ ಹೆಂಗಸೊಬ್ಬಳು ಸೌಟು ಆಡಿಸುತ್ತಿದ್ದಳು. ಬಾಗಿಲ ಪಕ್ಕ, ಈಳಿಗೆ ಮಣೆಯ ಮೇಲೆ ಕೂತು ಕುಂಬಳಕಾಯಿ ಹೆಚ್ಚುತ್ತಿದ್ದವರು ಮಹದೇವಮ್ಮ. ಸೊರಗಿದ್ದರು. ಕಣ್ಣು ಮಾತ್ರ ಅದೇ.

"ಬಂದ್ರಾ," ಅಂದರು, ನಿನ್ನೆ ಹೋದವಳು ಬಂದ ಹಾಗೆ. "ಅಂಡೆ ಎತ್ತಕ್ಕಾಗಕಿಲ್ಲ. ತರಕಾರಿ ಎಚ್ಚಿಕೊಡ್ತೀನಿ."

ನಾನು ನೆಲದ ಮೇಲೆ ಕೂತೆ. ಏಳು ವರ್ಷದ ಮಾತು ಎರಡು ನಿಮಿಷದಲ್ಲಿ ಮುಗಿಯಿತು. ನಿಮ್ಮ ಮೈಯ ತಪ್ಪಲ್ಲ, ತಪ್ಪು ನಮ್ಮದು, ಕಾರ್ಡಿನಲ್ಲಿ ಒಂದು ಸಾಲು ಬರೆಯಬೇಕಿತ್ತು, ನಾನು ಬರೆಯಲಿಲ್ಲ ಎಂದೆ.

ಅವರ ಕೈ ನಿಲ್ಲಲಿಲ್ಲ. ಹೋಳು ಪೂರ್ತಿ ಹೆಚ್ಚಿ, ಸೆರಗಿಗೆ ಕೈ ಒರೆಸಿಕೊಂಡು, ಸಂಚಿಯಿಂದ ಕಾರ್ಡು ತೆಗೆದರು. ಸುಣ್ಣದ ಕಲೆ, ಎಲೆಯ ಕಲೆ, ಮಾಸಿದ ಕೆಂಪು ಶಾಯಿ.

"ಕನ್ನಡದಲ್ಲಿ ಬರೀರಿ. ನಾನು ಆರನೇ ಕ್ಲಾಸ್ಗಂಟ ಓದಿವ್ನಿ. ಅವತ್ತು ಕನ್ನಡದಲ್ಲಿದ್ದಿದ್ರೆ ನಾನೇ ಓದಿ ಏಳ್ತಿದ್ದೆ ಅವ್ರಿಗೆ."

ಎಳೆದಿದ್ದ ಗೆರೆಗಳ ಮೇಲೆಯೇ ಬರೆದೆ: ಪರೀಕ್ಷೆಯಲ್ಲಿ ಇಲ್ಲ ಎಂದು ಬಂದರೂ ಇದೆ ಎಂದೇ ತಿಳಿಯಿರಿ.

ಮಹದೇವಮ್ಮ ಕಾರ್ಡನ್ನು ಬಾಗಿಲ ಬೆಳಕಿಗೆ ಹಿಡಿದು, ಒಂದೊಂದು ಅಕ್ಷರದ ಕೆಳಗೂ ಬೆರಳಿಟ್ಟು, ಗಟ್ಟಿಯಾಗಿ ಓದಿದರು. ಕೊನೆಯವರೆಗೂ ಓದಿ ನನ್ನನ್ನೇ ನೋಡಿದರು.

"ಇಷ್ಟೇಯಾ?"

"ಇಷ್ಟೇ."

"ಇಷ್ಟ್ ಬರಿಯಕ್ಕೆ ಏನಾಗಿತ್ತವ್ವ ನಿಂಗೆ?" ಎಂದು ಕಾರ್ಡನ್ನು ಸಂಚಿಗೆ ಹಾಕಿ, ಕುಂಬಳಕಾಯಿಯ ಇನ್ನೊಂದು ಹೋಳು ಎತ್ತಿಕೊಂಡರು.